ರಾಜೇಶ್ವರಿಯವರು ಓದಬೇಕಾದ ಒಂದು ಸಾಲು

2025ರ ಮೇ 14, ಬುಧವಾರ, ಬೆಳಿಗ್ಗೆ ಎಂಟೂವರೆ ಗಂಟೆಗೆ ರಾಷ್ಟ್ರೀಯ ಕ್ಯಾನ್ಸರ್ ಅಂಕಿಅಂಶ ಮಂಡಳಿಯು, ನಾವು ವಲಸೆ ಬಂದು ನೆಲೆಸಿದ ಈ ದೇಶದಲ್ಲಿ 2019ನೆಯ ಇಸವಿಯಲ್ಲಿ ಕ್ಯಾನ್ಸರ್ ಪತ್ತೆಯಾದ ಎಲ್ಲರ ಲೆಕ್ಕವಿರುವ ಕೋಷ್ಟಕವನ್ನು ಪ್ರಕಟಿಸಬೇಕಾಗಿತ್ತು. ಪ್ರಕಟಿಸಲಿಲ್ಲ. ಕೋಷ್ಟಕ ಇರಬೇಕಾದ ಜಾಗದಲ್ಲಿ ಎರಡು ವಾಕ್ಯಗಳಿದ್ದವು: ‘ಈ ಪ್ರಕಟಣೆಯನ್ನು ಮುಂದೂಡಲಾಗಿದೆ. ಹೊಸ ದಿನಾಂಕವನ್ನು ನಂತರ ತಿಳಿಸಲಾಗುವುದು.’ ಕಾರಣ ಬರೆದಿರಲಿಲ್ಲ. ಹೊಣೆ ಹೊತ್ತವರ ಹೆಸರಿರಲಿಲ್ಲ. ವಿಷಾದದ ಒಂದು ಪದವೂ ಇರಲಿಲ್ಲ.

ಹೀಗಾದದ್ದು ನಾಲ್ಕನೆಯ ಸಲ. ಮೊದಲು ಕೊಟ್ಟ ದಿನಾಂಕ 2023ರ ಮಾರ್ಚ್ 22. ಅದು ತಪ್ಪಿದ ಮೇಲೆ ಅದೇ ವರ್ಷದ ನವೆಂಬರ್ 15. ಅದೂ ತಪ್ಪಿದ ಮೇಲೆ 2024ರ ಸೆಪ್ಟೆಂಬರ್ 18. ನಾಲ್ಕೂ ಬುಧವಾರಗಳು. ನಾಲ್ಕೂ ದಿನ ನಾನು ಮಿಸಿಸಾಗಾದ ಮೆಡೋವೇಲ್‌ನಲ್ಲಿ ರಾಜೇಶ್ವರಿಯವರ ಅಡುಗೆಮನೆಯ ಮೇಜಿನ ಮುಂದೆ, ಅವರ ಬಲಗಡೆಯ ಕುರ್ಚಿಯಲ್ಲಿ ಕುಳಿತಿದ್ದೆ. ಆದ್ದರಿಂದ ಇದು ಯಾರೋ ಹೇಳಿದ್ದನ್ನು ಕೇಳಿ ಬರೆದದ್ದಲ್ಲ.

“ಬಂತೇನ್ರಿ ಅಣ್ಣಾರೆ?” ಎಂದು ಅವರು ಕೇಳಿದರು.

“ಇಲ್ಲ.”

“ಪೇಜು ಇನ್ನೊಂದ್ಸಲ ರಿಫ್ರೆಶ್ ಮಾಡ್ರಿ. ಒಮ್ಮೊಮ್ಮೆ ಐದು ಮಿನಿಟು ತಡ ಆಗತ್ತೆ.”

ನಾನು ಮಾಡಿದೆ. ಅವೇ ಎರಡು ವಾಕ್ಯಗಳು. ಓದಿ ಹೇಳಿದೆ. ಅವರು, “ಚಾ ಆರ್ತತಿ, ಕುಡೀರಿ” ಎಂದರು. ಅಷ್ಟೇ. ಕೋಪ ಬಂದದ್ದು ನನಗೆ.

ಆ ಕೋಷ್ಟಕದಲ್ಲಿ ರಾಜೇಶ್ವರಿಯವರ ಯಜಮಾನರಾದ ರುದ್ರಪ್ಪನವರು ಇರಬೇಕು. 2019ರ ಫೆಬ್ರವರಿ 28ರಂದು ಅವರಿಗೆ ಪಿತ್ತನಾಳದ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತು. ಅದೇ ವರ್ಷದ ಅಕ್ಟೋಬರ್ 3ರಂದು ತೀರಿಕೊಂಡರು. ಕೋಷ್ಟಕದಲ್ಲಿ ಯಾರ ಹೆಸರೂ ಇರುವುದಿಲ್ಲ. ಯಾವ ಅಂಗ, ಗಂಡೋ ಹೆಣ್ಣೋ, ಯಾವ ವಯಸ್ಸು, ಯಾವ ಪ್ರದೇಶ ಎಂಬುದರ ಎದುರಿಗೆ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯೊಳಗಿನ ಒಂದು, ರುದ್ರಪ್ಪನವರು. ಅದನ್ನು ನೋಡಿ ಏನು ಮಾಡುತ್ತೀರಿ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ರಾಜೇಶ್ವರಿಯವರು ಹೇಳಿದ್ದು ಇದು:

“ಇಪ್ಪತ್ತೈದು ವರ್ಷ ಊರ ಮಂದಿನ್ನೆಲ್ಲ ಆ ಟೇಬಲ್ಲಿಗೆ ಕಳಿಸೀನಿ ಅಣ್ಣಾರೆ. ನಮ್ಮ ಮನೆಯವರು ಅಲ್ಲಿಗೆ ಮುಟ್ಟಿದರೋ ಇಲ್ಲೋ, ಅದೊಂದು ನನ್ನ ಕಣ್ಣಿಲೆ ನೋಡಬೇಕು.”

ಕಣ್ಣಿನ ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ರಾಜೇಶ್ವರಿಯವರ ಎರಡೂ ಕಣ್ಣಿನ ಪರದೆಯ ನಡುಭಾಗ ಸವೆಯುತ್ತಿದೆ. ಎಡಗಣ್ಣು 2022ರಲ್ಲಿಯೇ ಓದುವ ಶಕ್ತಿಯನ್ನು ಕಳೆದುಕೊಂಡಿತು. ಬಲಗಣ್ಣಿಗೆ 2024ರಿಂದ ಸೂಜಿ ಮದ್ದು ನಡೆಯುತ್ತಿದೆ. ಸುತ್ತಲಿನದು ಕಾಣುತ್ತದೆ, ನೇರವಾಗಿ ನೋಡಿದ್ದು ಮಸುಕಾಗುತ್ತದೆ. ಮಾತನಾಡುವಾಗ ನನ್ನ ಮುಖ ನೋಡಬೇಕಾದರೆ ಅವರು ನನ್ನ ಕಿವಿಯ ಕಡೆಗೆ ನೋಡುತ್ತಾರೆ. ಮಂಡಳಿ ಮೊದಲ ದಿನಾಂಕ ಕೊಟ್ಟಾಗ ಅವರು ಬರಿಯ ಕನ್ನಡಕದಲ್ಲಿ ಓದುತ್ತಿದ್ದರು. ಮೂರನೆಯ ದಿನಾಂಕದ ಹೊತ್ತಿಗೆ ಭೂತಗನ್ನಡಿ ಬಂತು. ನಾಲ್ಕನೆಯದರ ಹೊತ್ತಿಗೆ, ಒಂದು ಅಂಕಿಯನ್ನು ಅಂಗೈಯಷ್ಟು ದೊಡ್ಡದು ಮಾಡಿ ತೋರಿಸುವ ಯಂತ್ರವನ್ನು ಮೇಜಿನ ಮೇಲೆ ಇರಿಸಿಕೊಂಡಿದ್ದರು.

ಅವರು ಹುಟ್ಟಿದ್ದು 1954ರಲ್ಲಿ, ಹರಿಹರದ ಹತ್ತಿರ. ತಂದೆ ವೀರಭದ್ರಪ್ಪನವರು ಪ್ರಾಥಮಿಕ ಶಾಲೆಯ ಹೆಡ್ ಮಾಸ್ತರರು. ಮಗಳಿಗೆ ದಾವಣಗೆರೆಯಲ್ಲಿ ಬಿ.ಎಸ್ಸಿ. ಓದಿಸಿದರು. ರುದ್ರಪ್ಪನವರು ಅದೇ ಊರಿನ ಹತ್ತಿಗಿರಣಿಯಲ್ಲಿ ಮಗ್ಗದ ಮೆಕ್ಯಾನಿಕ್. 1986ರಲ್ಲಿ ಇಬ್ಬರೂ ಇಲ್ಲಿಗೆ ಬಂದರು. ರುದ್ರಪ್ಪನವರು ಒಂದು ಬ್ರೆಡ್ ಕಾರ್ಖಾನೆಯ ಒಲೆಗಳನ್ನು ಇಪ್ಪತ್ತನಾಲ್ಕು ವರ್ಷ ರಿಪೇರಿ ಮಾಡಿದರು; ಹೆಂಡತಿ ಒಂದು ಆಸ್ಪತ್ರೆಯ ದಾಖಲೆ ಕೊಠಡಿಯಲ್ಲಿ ಕಡತ ಹೊರುವ ಕೆಲಸಕ್ಕೆ ಸೇರಿದರು. ಮಕ್ಕಳಿಲ್ಲ. 1996ರಲ್ಲಿ ರಾಜೇಶ್ವರಿಯವರು ಪರೀಕ್ಷೆ ಬರೆದು ಅದೇ ಆಸ್ಪತ್ರೆಯ ಕ್ಯಾನ್ಸರ್ ನೋಂದಣಿ ವಿಭಾಗಕ್ಕೆ ಹೋದರು. 2021ರ ಏಪ್ರಿಲ್‌ನಲ್ಲಿ ನಿವೃತ್ತರಾಗುವ ತನಕ ಅಲ್ಲಿಯೇ ಇದ್ದರು.

ಆ ಕೆಲಸ ಏನೆಂಬುದು ನಮ್ಮ ಜನರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ರೋಗಿಯ ದೇಹದಿಂದ ತೆಗೆದ ಚೂರನ್ನು ಪರೀಕ್ಷಿಸಿ ಬರೆದ ವರದಿ ಅವರ ಮುಂದೆ ಬರುತ್ತದೆ. ಅದನ್ನು ಓದಿ, ರೋಗ ಯಾವ ಅಂಗದ್ದು, ಯಾವ ಬದಿಯದು, ಯಾವ ಬಗೆಯ ಜೀವಕೋಶ, ಎಷ್ಟು ದೂರ ಹಬ್ಬಿದೆ, ಮೊದಲು ಕಂಡದ್ದು ಯಾವ ದಿನ ಎಂಬುದನ್ನೆಲ್ಲ ಅಂಕಿಗಳಾಗಿ ಬರೆಯಬೇಕು. ಒಬ್ಬ ಮನುಷ್ಯನ ಇಡೀ ಸಂಕಟ ಕೊನೆಗೆ ಒಂದು ಸಾಲಾಗುತ್ತದೆ. ಆ ಸಾಲು ಪ್ರಾಂತ್ಯದ ಕಚೇರಿಗೆ ಹೋಗುತ್ತದೆ, ಅಲ್ಲಿಂದ ಮಂಡಳಿಗೆ. ಆರು ತಿಂಗಳೊಳಗೆ ಕಳಿಸಬೇಕೆಂಬುದು ನಿಯಮ. ರಾಜೇಶ್ವರಿಯವರು ನಾಲ್ಕು ತಿಂಗಳು ದಾಟಿಸಿದವರಲ್ಲ. ಪ್ರತಿ ದಾಖಲೆಯನ್ನೂ ಮುಚ್ಚುವ ಮೊದಲು ಅದರ ಅಂಕಿಗಳನ್ನು ಬಾಯಿಬಿಟ್ಟು ಓದುತ್ತಿದ್ದರಂತೆ. ಕಣ್ಣು ಒಂದು ಅಂಕಿಯನ್ನು ಹಾರಿಸಿಬಿಡುತ್ತದೆ, ನಾಲಿಗೆ ಹಾರಿಸುವುದಿಲ್ಲ ಎಂಬುದು ಅವರ ಅನುಭವ.

ಸಂಜೆ ಮನೆಗೆ ಬಂದರೆ ರುದ್ರಪ್ಪನವರು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಇವತ್ತು ಎಷ್ಟು ಮಂದಿ?”

“ಹನ್ನೊಂದು.”

“ಪಾಪ” ಎಂದು ಅವರು ಒಲೆಯ ಮೇಲೆ ಚಹಾಕ್ಕೆ ನೀರಿಡುತ್ತಿದ್ದರು. ಯಾರು, ಯಾವ ಊರಿನವರು, ನಮ್ಮವರೇನಾದರೂ ಇದ್ದರೇ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೂ ಇವರು ಹೇಳುತ್ತಿರಲಿಲ್ಲ. ಕೊನೆಯ ಒಂದೂವರೆ ವರ್ಷ, ಅವರು ಇಲ್ಲದ ಮನೆಗೆ ಬಂದು, ಇವರು ಕೋಟನ್ನು ಮೊಳೆಗೆ ಹಾಕುತ್ತ ಆ ದಿನದ ಸಂಖ್ಯೆಯನ್ನು ತಾವೇ ಹೇಳಿಕೊಳ್ಳುತ್ತಿದ್ದರಂತೆ. ಕೇಳುವವರಿಲ್ಲದೆ ಹೇಳುವುದು ನಾಚಿಕೆಯೆನಿಸಿ ಆಮೇಲೆ ಬಿಟ್ಟರು.

ರುದ್ರಪ್ಪನವರು ನನ್ನ ಸ್ನೇಹಿತರು. ನಾನು ಮೈಸೂರಿನವನು, ಒಶಾವಾದ ಒಂದು ಮೋಟಾರು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕನಾಗಿದ್ದು 2013ರಲ್ಲಿ ನಿವೃತ್ತನಾದೆ, ಮರುವರ್ಷ ಮೆಡೋವೇಲ್‌ಗೆ ಬಂದೆ. ಪ್ರತಿ ಶನಿವಾರ ನಾವಿಬ್ಬರೂ ಪೋರ್ಟ್ ಕ್ರೆಡಿಟ್‌ಗೆ ಹೋಗಿ ಸರೋವರದ ದಂಡೆಯಲ್ಲಿ ನಡೆಯುತ್ತಿದ್ದೆವು. “ಮೈಸೂರು ಸಾಹೇಬ್ರ, ಒಂದು ಸಲ ಕೋಪ ಮಾಡ್ಕೊಳ್ಳದ ಒಂದು ಮೈಲು ನಡೀರಿ ನೋಡೋಣ” ಎಂದು ಅವರು ಪಂದ್ಯ ಕಟ್ಟುತ್ತಿದ್ದರು. ನಾನು ಒಮ್ಮೆಯೂ ಗೆದ್ದಿಲ್ಲ.

ಈಗ 2008ರ ಸಂಗತಿ. ಇದನ್ನು ಹೇಳದಿದ್ದರೆ ರಾಜೇಶ್ವರಿಯವರ ಕಳವಳ ಏನೆಂಬುದು ತಿಳಿಯುವುದಿಲ್ಲ.

ಒಬ್ಬರೇ ರೋಗಿ ಎರಡು ಆಸ್ಪತ್ರೆಗಳಿಗೆ ಹೋದರೆ ಎರಡು ದಾಖಲೆಗಳಾಗುತ್ತವೆ. ಒಬ್ಬರನ್ನು ಇಬ್ಬರೆಂದು ಎಣಿಸಬಾರದು. ಅದಕ್ಕಾಗಿ ಕಂಪ್ಯೂಟರು ಹೆಸರು, ಜನ್ಮದಿನ, ರೋಗದ ಅಂಗ ಈ ಮೂರನ್ನು ಹೋಲಿಸಿ, ‘ಇವರಿಬ್ಬರೂ ಒಬ್ಬರೇ’ ಎಂದು ಪಟ್ಟಿ ಕೊಡುತ್ತದೆ. ಆ ವರ್ಷದ ಪಟ್ಟಿಯಲ್ಲಿ ಸುಜಾತಾ ಎಂಬ ಇಬ್ಬರಿದ್ದರು. ಇಬ್ಬರೂ ಕರ್ನಾಟಕದವರು, ಇಬ್ಬರಿಗೂ ಸ್ತನದ ಕ್ಯಾನ್ಸರ್, ಇಬ್ಬರೂ ಹುಟ್ಟಿದ್ದು 1949ರ ಜೂನ್ 1. ಪಕ್ಕದ ಮೇಜಿನವರು ಇಬ್ಬರನ್ನೂ ಕೂಡಿಸಿ ಒಬ್ಬರನ್ನಾಗಿ ಮಾಡಿ ಆಗಿತ್ತು. ರಾಜೇಶ್ವರಿಯವರು ಎರಡೂ ವರದಿಗಳನ್ನು ತೆರೆಸಿ ಓದಿದರು. ಒಬ್ಬರಿಗೆ 2003ರಲ್ಲಿಯೇ ಎಡ ಸ್ತನವನ್ನು ಪೂರ್ತಿಯಾಗಿ ತೆಗೆದಿದ್ದರು. ಇನ್ನೊಬ್ಬರ 2008ರ ವರದಿಯಲ್ಲಿ ರೋಗವಿದ್ದದ್ದು ಎಡ ಸ್ತನದಲ್ಲಿಯೇ. ಇಲ್ಲದ ಅಂಗಕ್ಕೆ ರೋಗ ಬರುವುದಿಲ್ಲ.

ಮೇಲ್ವಿಚಾರಕಿ ಇಲ್ಲಿಯ ಹೆಂಗಸು. ವರದಿಯ ವಿಷಯವನ್ನು ಒಪ್ಪಿದರು. ಆದರೆ ಒಂದೇ ಹೆಸರಿನವರು ಒಂದೇ ದಿನ ಹುಟ್ಟುವುದು ಹೇಗೆ ಎಂದರು.

“ನಮ್ಮ ತಂದೆ ಹೆಡ್ ಮಾಸ್ತರರು. ಅವರ ಶಾಲೆಯಲ್ಲಿ ಅರವತ್ತು ಮಕ್ಕಳಿದ್ದರು. ಅರವತ್ತೂ ಮಕ್ಕಳು ಹುಟ್ಟಿದ್ದು ಜೂನ್ ಒಂದಕ್ಕೆ” ಎಂದು ರಾಜೇಶ್ವರಿಯವರು ಹೇಳಿದರು.

“ನಿಮ್ಮ ಊರಿನಲ್ಲಿ ಜೂನ್ ಒಂದಕ್ಕೆ ಅಂಥದ್ದೇನು ಆಗುತ್ತದೆ?”

“ಶಾಲೆ ಶುರುವಾಗುತ್ತದೆ.”

ನಮ್ಮ ತಲೆಮಾರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಯಿ ಮಗುವನ್ನು ಎತ್ತಿಕೊಂಡು ಶಾಲೆಗೆ ಬಂದು, ದೀಪಾವಳಿಯ ಮಾರನೆಯ ದಿನ ಹುಟ್ಟಿತು ಎನ್ನುತ್ತಾಳೆ. ಯಾವ ವರ್ಷವೆಂದರೆ ಊರಿನ ಕೆರೆ ಒಡೆದ ವರ್ಷ ಎನ್ನುತ್ತಾಳೆ. ಮಾಸ್ತರರು ಮಗುವಿನ ಹಲ್ಲು ನೋಡಿ, ಆರು ವರ್ಷ ತುಂಬುವ ಹಾಗೆ ಜೂನ್ 1 ಎಂದು ಬರೆದುಕೊಳ್ಳುತ್ತಾರೆ. ಅದೇ ಮುಂದೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ, ಅಲ್ಲಿಂದ ಈ ದೇಶದ ಆರೋಗ್ಯ ಕಾರ್ಡಿಗೆ ಬರುತ್ತದೆ. ಅಂದಿನಿಂದ ಜೂನ್ 1ರ ಜನ್ಮದಿನವಿರುವ ಪಟ್ಟಿಯೆಲ್ಲ ರಾಜೇಶ್ವರಿಯವರ ಮೇಜಿಗೆ ಬರಬೇಕೆಂದು ಮೇಲ್ವಿಚಾರಕಿ ಆಜ್ಞೆ ಮಾಡಿದರು. ಹನ್ನೆರಡೂವರೆ ವರ್ಷಗಳಲ್ಲಿ ಅವರು ಹೀಗೆ ಬೇರೊಬ್ಬರೊಳಗೆ ಸೇರಿಹೋಗಿದ್ದ ಹನ್ನೊಂದು ಜನರನ್ನು ಬಿಡಿಸಿ ಹೊರತೆಗೆದರು.

ರುದ್ರಪ್ಪನವರ ಕಾರ್ಡಿನ ಮೇಲಿದ್ದದ್ದು 1947ರ ಜೂನ್ 1.

ಅವರ ದಾಖಲೆಯನ್ನು ಬರೆದದ್ದು ರಾಜೇಶ್ವರಿಯವರಲ್ಲ. ತಮ್ಮ ಕುಟುಂಬದವರ ದಾಖಲೆಯನ್ನು ಮುಟ್ಟಬಾರದು ಎಂಬುದು ಆ ವಿಭಾಗದ ಮೊದಲ ನಿಯಮ. ಬರೆದವರಿಗೆ ಮಾಸ್ತರರ ವಿಷಯ ಗೊತ್ತಿತ್ತೋ ಇಲ್ಲವೋ. ಬೇರೆ ಊರಿನ ಬೇರೆ ರುದ್ರಪ್ಪನವರೊಂದಿಗೆ ಕಂಪ್ಯೂಟರು ಇವರನ್ನು ಕೂಡಿಸಿ ಆ ಊರಿನ ಲೆಕ್ಕಕ್ಕೆ ಹಾಕಿತೋ ಇಲ್ಲವೋ. ಕೋಷ್ಟಕದಲ್ಲಿ ಒಂದು ಪದ್ಧತಿಯಿದೆ: ಐದಕ್ಕಿಂತ ಕಡಿಮೆ ಜನರಿದ್ದರೆ ಗುರುತು ಸಿಗಬಾರದೆಂದು ಸಂಖ್ಯೆಯ ಬದಲು ಒಂದು ಅಡ್ಡಗೆರೆ ಹಾಕುತ್ತಾರೆ, ಯಾರೂ ಇಲ್ಲದಿದ್ದರೆ ಸೊನ್ನೆ ಬರೆಯುತ್ತಾರೆ. ನಮ್ಮ ಪ್ರದೇಶ, ಪಿತ್ತನಾಳ, ಗಂಡಸರು, ವಯಸ್ಸು 70ರಿಂದ 74. ಕೋಷ್ಟಕದ ಆ ಚೌಕದಲ್ಲಿ ಬೇರೆ ವರ್ಷಗಳಲ್ಲಿ ಒಮ್ಮೆ ಗೆರೆ ಇದೆ, ಒಮ್ಮೆ ಸೊನ್ನೆ ಇದೆ. 2019ರಲ್ಲಿ ಗೆರೆ ಇದ್ದರೆ ಅವರು ಮುಟ್ಟಿದ್ದಾರೆಂದು ನಂಬಬಹುದು. ಸೊನ್ನೆ ಇದ್ದರೆ ಮುಟ್ಟಿಲ್ಲವೆಂಬುದು ಖಚಿತ. ಆಗ ಕುಟುಂಬದವರು ತಿದ್ದುಪಡಿಗೆ ಅರ್ಜಿ ಹಾಕಬಹುದು. ಕೋಷ್ಟಕ ಪ್ರಕಟವಾಗುವ ತನಕ ಆ ಅರ್ಜಿಯನ್ನು ತೆಗೆದುಕೊಳ್ಳುವುದಿಲ್ಲ.

ನನ್ನ ತಪ್ಪೊಂದನ್ನು ಇಲ್ಲಿ ದಾಖಲಿಸಬೇಕು. 2024ರ ಅಕ್ಟೋಬರ್ 10, ಗುರುವಾರ. ಮೂರನೆಯ ದಿನಾಂಕ ತಪ್ಪಿ ಮೂರು ವಾರಗಳಾಗಿದ್ದವು. ಗುರುವಾರ ನಮ್ಮ ಕನ್ನಡ ಹಿರಿಯರು ಮೆಡೋವೇಲ್‌ನ ಸಮುದಾಯ ಕೇಂದ್ರದಲ್ಲಿ ಸೇರುತ್ತೇವೆ. ಅಲ್ಲಿಗೆ ಸಂಜನಾ ಎಂಬ ಹುಡುಗಿ ರಜೆ ಇದ್ದಾಗಲೆಲ್ಲ ಬಂದು ನಮ್ಮ ಫೋನುಗಳನ್ನು ಸರಿಮಾಡಿಕೊಡುತ್ತಾಳೆ. ಮೈಸೂರಿನಿಂದ ಓದಲು ಬಂದವಳು, ಇಲ್ಲಿಯೇ ಕೋರ್ಸು ಮುಗಿಸಿ, ರಾಜೇಶ್ವರಿಯವರು ಬಿಟ್ಟ ಕುರ್ಚಿಯಲ್ಲಿಯೇ ಈಗ ಕೆಲಸ ಮಾಡುತ್ತಾಳೆ. ನಾನು ಅವಳನ್ನು ಕಾಫಿ ಯಂತ್ರದ ಬಳಿ ಒಂಟಿಯಾಗಿ ಕಂಡು, “ಒಂದೇ ಸಲ ನೋಡಿ ಹೇಳಮ್ಮ. ರುದ್ರಪ್ಪನವರ ದಾಖಲೆ ಪ್ರತ್ಯೇಕವಾಗಿ ಇದೆಯೋ ಇಲ್ಲವೋ, ಅಷ್ಟೇ” ಎಂದೆ.

ಅವಳು ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟಳು. “ಅಂಕಲ್, ಯಾರ ಫೈಲ್ ಯಾರು ಓಪನ್ ಮಾಡಿದ್ರು ಅನ್ನೋದೆಲ್ಲ ಸಿಸ್ಟಮ್ಮಲ್ಲಿ ಗೊತ್ತಾಗುತ್ತೆ. ನನ್ನ ಕೆಲಸ ಹೋಗುತ್ತೆ.”

“ನಾನು ಯಾರಿಗೂ ಹೇಳುವುದಿಲ್ಲ.”

“ಅದಲ್ಲ ಅಂಕಲ್ ವಿಷಯ” ಎಂದು ಅವಳು ಕಪ್ಪನ್ನು ಅಲ್ಲಿಯೇ ಬಿಟ್ಟು ಹೋದಳು.

ಹೋದವಳು ನೇರವಾಗಿ ರಾಜೇಶ್ವರಿಯವರಿಗೆ ಹೇಳಿದಳು. ಅವರು ಕುರ್ಚಿಗಳ ಬೆನ್ನನ್ನು ಒಂದೊಂದಾಗಿ ಹಿಡಿದುಕೊಂಡು, ಇಡೀ ಸಭಾಂಗಣವನ್ನು ದಾಟಿ ನನ್ನ ಮುಂದೆ ಬಂದು ನಿಂತರು.

“ಏನು ಕೇಳಿದ್ರಿ ನೀವು ಆ ಹುಡುಗಿಗೆ?”

“ನಿಮಗಾಗಿ ಕೇಳಿದೆ.”

“ನನಗಾಗಿ? ನಾನೇ ಕೇಳಲಿಲ್ಲಲ್ರಿ! ಅವರ ರಿಪೋರ್ಟು ನನ್ನ ಸ್ಕ್ರೀನಿನ ಮೇಲೇ ಬಂದಿತ್ತು, ಗೊತ್ತೇನು ನಿಮಗ? ಆವತ್ತೂ ನಾನು ಓದಲಿಲ್ಲ!”

ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. 2019ರ ಫೆಬ್ರವರಿಯ ಒಂದು ಬೆಳಿಗ್ಗೆ, ಹೊಸ ವರದಿಗಳ ಪಟ್ಟಿಯಲ್ಲಿ ನಾಲ್ಕನೆಯ ಹೆಸರು ರುದ್ರಪ್ಪನವರದಾಗಿತ್ತು. ಚೂರು ತೆಗೆದು ಪರೀಕ್ಷೆಗೆ ಕೊಟ್ಟಿದ್ದಾರೆಂದು ರಾಜೇಶ್ವರಿಯವರಿಗೆ ಗೊತ್ತಿತ್ತು, ಫಲ ಗೊತ್ತಿರಲಿಲ್ಲ. ವೈದ್ಯರ ಭೇಟಿಗೆ ಇನ್ನೂ ಒಂಬತ್ತು ದಿನಗಳಿದ್ದವು. ಆ ಪಟ್ಟಿಗೆ ಹೆಸರು ಬಂದಿದೆಯೆಂದರೆ ಕ್ಯಾನ್ಸರ್ ಇದೆಯೆಂದೇ ಅರ್ಥ. ಅಷ್ಟನ್ನು ತಿಳಿಯದಿರುವುದು ಅವರ ಕೈಯಲ್ಲಿರಲಿಲ್ಲ. ಆದರೆ ಬೆರಳನ್ನು ಒಮ್ಮೆ ಒತ್ತಿದ್ದರೆ ಎಷ್ಟು ಹಬ್ಬಿದೆ, ಎಷ್ಟು ತಿಂಗಳು ಉಳಿದಿವೆ ಎಂಬುದನ್ನು ವೈದ್ಯರಿಗಿಂತ ಚೆನ್ನಾಗಿ ಅವರೇ ಓದಬಲ್ಲವರಾಗಿದ್ದರು. ಒತ್ತಲಿಲ್ಲ. ಎದ್ದು ಹೋಗಿ ಮೇಲ್ವಿಚಾರಕಿಗೆ, “ನಾಲ್ಕನೆಯದು ನನ್ನದಲ್ಲ, ಬೇರೆಯವರಿಗೆ ಕೊಡಿ” ಎಂದರು. ಮನೆಗೆ ಬಂದಾಗ ರುದ್ರಪ್ಪನವರು ಎಂದಿನಂತೆ “ಎಷ್ಟು ಮಂದಿ?” ಎಂದರು. ಇವರು, ತಾವು ಬರೆದವರನ್ನು ಮಾತ್ರ ಎಣಿಸಿ, “ಒಂಬತ್ತು” ಎಂದರು. ಒಂಬತ್ತು ದಿನ ಆ ಮನೆಯಲ್ಲಿ ಅವರು ಹಾಗೆ ಬಾಳಿದರು. ಭೇಟಿಯ ದಿನ ವೈದ್ಯರು ಹೇಳಿದಾಗಲೇ ಮೊದಲ ಸಲ ಕೇಳಿದವರಂತೆ ಯಜಮಾನರ ಕೈ ಹಿಡಿದುಕೊಂಡರು.

“ಆ ಒಂಬತ್ತು ದಿನ ನಾನು ತಡಕೊಂಡಿದ್ದು ಯಾತಕ್ಕ? ನೀವು ಬಂದು ಕಾಫಿ ಮಷೀನಿನ ಹತ್ರ ಅದನ್ನ ಕೆಡಸಲಿಕ್ಕೇನು?” ಎಂದು ಹೇಳಿ ಅವರು ಹಿಂತಿರುಗಿದರು.

ಮೂರು ಗುರುವಾರ ನನ್ನೊಂದಿಗೆ ಮಾತನಾಡಲಿಲ್ಲ. ನಾನು ಸಂಜನಾಳ ಕ್ಷಮೆ ಕೇಳಿದೆ; ಅವಳು, “ಬಿಡಿ ಅಂಕಲ್, ನನಗೂ ನೋಡ್ಬೇಕು ಅಂತ ಎಷ್ಟೋ ಸಲ ಅನ್ಸಿದೆ, ಅದಕ್ಕೇ ಅಷ್ಟು ಭಯ ಆಗಿದ್ದು” ಎಂದಳು. ನಾಲ್ಕನೆಯ ಗುರುವಾರ ರಾಜೇಶ್ವರಿಯವರು ಮಂಡಕ್ಕಿ ಒಗ್ಗರಣೆ ಮಾಡಿ ತಂದಿದ್ದರು. ಒಂದು ತಟ್ಟೆಯನ್ನು ನನ್ನ ಮುಂದೆ ಕುಕ್ಕಿದರು. ಮೇಲೆ ಎರಡು ಮೆಣಸಿನಕಾಯಿ ಬಜ್ಜಿ.

“ಮೈಸೂರಿನವರಿಗೆ ಖಾರ ತಡೆಯೋದಿಲ್ಲ. ಆದರೂ ತಿನ್ರಿ, ಬುದ್ಧಿ ಬರ್ತತಿ.”

ತಿಂದೆ. ಕಣ್ಣಲ್ಲಿ ನೀರು ಬಂತು.

“ಕೇಳೋದಿದ್ರೆ ಮಂಡಳಿನ ಕೇಳ್ರಿ ಅಣ್ಣಾರೆ. ಎದ್ದು ನಿಂತು ಕೇಳ್ರಿ. ಅದಕ್ಕ ಯಾರೂ ಬ್ಯಾಡ ಅನ್ನೋದಿಲ್ಲ.”

ಅಂದಿನಿಂದ ನಾನು ಕೇಳುತ್ತಿದ್ದೇನೆ. ಹನ್ನೊಂದು ತಿಂಗಳಲ್ಲಿ ಏಳು ಪತ್ರ ಬರೆದಿದ್ದೇನೆ. ಐದಕ್ಕೆ ಯಂತ್ರ ಕಳಿಸಿದ ಸ್ವೀಕೃತಿ ಬಂತು, ಒಂದಕ್ಕೆ ಏನೂ ಬರಲಿಲ್ಲ. ಈ ವರ್ಷದ ಜುಲೈನಲ್ಲಿ ಬರೆದದ್ದಕ್ಕೆ ಮಾತ್ರ ಒಬ್ಬ ಅಧಿಕಾರಿ ದೂರವಾಣಿ ಮಾಡಿದರು, ಸೌಜನ್ಯದಿಂದಲೇ ಮಾತನಾಡಿದರು. ಹತ್ತು ಪ್ರಾಂತ್ಯ, ಮೂರು ಪ್ರದೇಶಾಡಳಿತ, ಒಟ್ಟು ಹದಿಮೂರು ಕಡೆಯಿಂದ ಕಡತಗಳು ಬರಬೇಕು, ಹನ್ನೆರಡು 2022ರ ಡಿಸೆಂಬರ್‌ಗೆ ಮೊದಲೇ ಬಂದಿವೆ, ನಮ್ಮ ಪ್ರಾಂತ್ಯದ್ದೂ ಅವುಗಳಲ್ಲಿದೆ, ಒಂದು ಬಂದಿಲ್ಲ; ಅದು ಯಾವುದೆಂದು ಹೇಳಲು ತಮಗೆ ಅಧಿಕಾರವಿಲ್ಲ. ಪೂರ್ಣವಲ್ಲದ ಕೋಷ್ಟಕವನ್ನು ಕೊಡುವ ಪದ್ಧತಿ ಮಂಡಳಿಗಿಲ್ಲ ಎಂದರು. ಪಂಕ್ತಿಯಲ್ಲಿ ಒಬ್ಬರು ಬರಲಿಲ್ಲವೆಂದು ಕುಳಿತ ಹನ್ನೆರಡು ಎಲೆಗಳಿಗೂ ಬಡಿಸದೆ ಎರಡೂಮುಕ್ಕಾಲು ವರ್ಷ ನಿಲ್ಲಿಸಿದ್ದಾರೆ ಎಂದಾಯಿತು.

ಇದನ್ನು ರಾಜೇಶ್ವರಿಯವರಿಗೆ ಹೇಳುವಾಗ ನನ್ನ ದನಿ ಏರಿತು. ನಮ್ಮ ಕಾರ್ಖಾನೆಯಲ್ಲಿ ಪ್ರತಿ ದಿನದ ದೋಷಗಳ ಹಾಳೆಯನ್ನು ಅದೇ ದಿನ ಮಧ್ಯಾಹ್ನ ಮೂರಕ್ಕೆ ಗೋಡೆಗೆ ಹಚ್ಚುತ್ತಿದ್ದೆವು. ಖಚಿತವಾಗದ ಅಳತೆಯನ್ನು ಹಳದಿಯಲ್ಲಿ ಬರೆದು, ಖಚಿತವಾದ ಮೇಲೆ ನೀಲಿಯಲ್ಲಿ ತಿದ್ದುತ್ತಿದ್ದೆವು. ಬಾಗಿಲಿನ ಸಂದು ಎರಡು ಮಿಲಿಮೀಟರು ಹೆಚ್ಚಾಗಿದೆಯೆಂದು ಆರು ವರ್ಷದ ನಂತರ ತಿಳಿಸಿದರೆ ಆ ಕಾರು ಎಲ್ಲಿರುತ್ತದೆ? ಹಾಗಿದ್ದ ಮೇಲೆ ಮನುಷ್ಯರ ಲೆಕ್ಕ?

“ಬಾಗಿಲಿಗೆ ಜೂನ್ ಒಂದು ಇಲ್ರಿ ಅಣ್ಣಾರೆ” ಎಂದು ಅವರು ನಕ್ಕರು. “ತಡ ಆಗೋದು ನಮ್ಮಿಂದಾನೂ ಐತಿ. ಆ ಇಬ್ಬರು ಸುಜಾತಾರನ್ನ ಬಿಡಿಸಲಿಕ್ಕ ನನಗ ಮೂರು ವಾರ ಹಿಡೀತು. ಅವಸರ ಮಾಡಿದ್ರ ಒಬ್ಬಾಕಿ ಹೋಗೇಬಿಡ್ತಿದ್ಲು.”

“ನಿಮಗೆ ಹಿಡಿದದ್ದು ಮೂರು ವಾರ. ಅವರಿಗೆ?”

ಅವರು ನಗುವುದನ್ನು ನಿಲ್ಲಿಸಿದರು. “ಹೌದು. ನಾವು ನಾಲ್ಕು ತಿಂಗಳಾಗ ಕಳಸ್ತಿದ್ವಿ. ಬಿಸಿ ಇರತಾನೇ ಕಳಸ್ತಿದ್ವಿ” ಎಂದರು.

ಕಾರ್ಖಾನೆಯ ಮಾತನ್ನು ನಾನು ಬರಿಯ ಹೋಲಿಕೆಗಾಗಿ ಹೇಳುತ್ತಿಲ್ಲ. ಈ ವರ್ಷ ಒಂದು ಊರಿಗೆ ಎಷ್ಟು ಹಾಸಿಗೆ ಬೇಕು, ಎಷ್ಟು ಶುಶ್ರೂಷಕಿಯರು ಬೇಕು, ಯಾವ ಅಪರೂಪದ ರೋಗಕ್ಕೆ ಪ್ರತ್ಯೇಕ ಚಿಕಿತ್ಸಾಲಯ ತೆರೆಯಬೇಕು ಎಂಬುದನ್ನು ಈ ಕೋಷ್ಟಕ ನೋಡಿಯೇ ತೀರ್ಮಾನಿಸುತ್ತಾರೆ. ಕೈಯಲ್ಲಿರುವುದು 2018ರದು. ಆ ನಂತರ ರೋಗ ಕಂಡವರೆಲ್ಲ, ಬದುಕಿರುವವರೂ ಹೋದವರೂ, ತೀರ್ಮಾನ ಮಾಡುವವರ ಕಣ್ಣಿಗೆ ಇನ್ನೂ ಕಂಡೇ ಇಲ್ಲ.

ಕಳೆದ ತಿಂಗಳು, ಅಂದರೆ 2025ರ ಸೆಪ್ಟೆಂಬರ್ 20, ಶನಿವಾರ, ನಾನು ರಾಜೇಶ್ವರಿಯವರನ್ನು ಪೋರ್ಟ್ ಕ್ರೆಡಿಟ್‌ಗೆ ಕರೆದುಕೊಂಡು ಹೋಗಲು ಬಂದೆ. ಅವರು ಮೇಜಿನ ಮುಂದೆ ಯಂತ್ರವನ್ನು ಹಚ್ಚಿಕೊಂಡು ಕುಳಿತಿದ್ದರು. ಅದರ ಕೆಳಗೆ 2018ರ ಕೋಷ್ಟಕದ ಒಂದು ಪುಟ. ಎಡಗೈಯ ಬೆರಳು ಸಾಲುಗಳ ಮೇಲೆ ಕೆಳಕ್ಕೆ ಇಳಿಯುತ್ತಿತ್ತು, ಬಲಗೈಯ ಬೆರಳು ಅಂಕಣಗಳ ಮೇಲೆ ಅಡ್ಡಕ್ಕೆ ಸರಿಯುತ್ತಿತ್ತು. ಎರಡೂ ಒಂದು ಕಡೆ ಕೂಡಿದಾಗ ಅವರು ತಲೆಯನ್ನು ಓರೆ ಮಾಡಿ, ಆ ಜಾಗದ ಪಕ್ಕಕ್ಕೆ ನೋಡಿದರು.

“ಏನು ಮಾಡುತ್ತಿದ್ದೀರಿ?”

“ರೂಢಿ ಮಾಡ್ಕೊಳ್ತೀನಿ. ಎಲ್ಲಾ ವರ್ಷದ್ದೂ ಒಂದೇ ನಮೂನಿ ಇರತ್ತೆ. ಬೆರಳಿಗೆ ದಾರಿ ಗೊತ್ತಾಗಿಬಿಟ್ರೆ, ಬಂದ ದಿನ ಹುಡುಕೋ ಕೆಲಸ ಇರೋದಿಲ್ಲ. ಗೆರೆ ಅಡ್ಡ ಮಲಗಿರ್ತತಿ, ಸೊನ್ನೆ ಗುಂಡಗಿರ್ತತಿ. ಅಷ್ಟು ಇನ್ನೂ ಕಾಣ್ತತಿ ನನಗ.”

“ಡಾಕ್ಟರು ಏನೆಂದರು?”

“ಈ ಚಳಿಗಾಲ ಕಳದ್ರೆ ದೊಡ್ಡದು ಅಂದ್ರು.”

“ಯಾವಾಗಲೇ ಬರಲಿ, ನಾನಿದ್ದೇನಲ್ಲ. ನಾನು ಓದಿ ಹೇಳುತ್ತೇನೆ” ಎಂದೆ.

ಅವರು ನನ್ನ ಕಿವಿಯ ಕಡೆಗೆ ನೋಡಿದರು.

“ಸೊನ್ನೆ ಇದ್ದರೂ ನೀವು ಗೆರೆ ಅಂತೀರಿ, ಅಣ್ಣಾರೆ.”

ನಾನು ಇಪ್ಪತ್ತೆಂಟು ವರ್ಷ ಅಳತೆಗಳನ್ನು ಬರೆದವನು. ಒಂದು ಅಳತೆಯನ್ನೂ ಯಾರ ಮುಖ ನೋಡಿಯೂ ಬದಲಿಸಿದವನಲ್ಲ. ಆದರೂ ಅವರ ಮಾತಿಗೆ ಇಲ್ಲವೆನ್ನಲು ನನಗೆ ಸಾಧ್ಯವಾಗಲಿಲ್ಲ. ಸಂಜನಾ ಓದಿದರೂ ಅವಳೂ ಹಾಗೆಯೇ ಹೇಳಬಹುದು. ಸೊನ್ನೆಯನ್ನು ಸೊನ್ನೆಯೆಂದು ಓದಿ, ಆ ಸಂಜೆಯೇ ತಿದ್ದುಪಡಿಯ ಅರ್ಜಿ ಬರೆಯಲು ಕುಳಿತುಕೊಳ್ಳಬಲ್ಲವರು ಅವರೊಬ್ಬರೇ. ಅದಕ್ಕೇ ಅವರೇ ಓದಬೇಕು.

ರಾಷ್ಟ್ರೀಯ ಕ್ಯಾನ್ಸರ್ ಅಂಕಿಅಂಶ ಮಂಡಳಿಯ ಅಧ್ಯಕ್ಷರೇ, ಸದಸ್ಯರೇ, 2019ನೆಯ ಇಸವಿ ಮುಗಿದು ಇಂದಿಗೆ ಐದು ವರ್ಷ ಒಂಬತ್ತು ತಿಂಗಳಾಗಿವೆ. ನಿಮ್ಮ ಬಳಿ ಹನ್ನೆರಡು ಕಡೆಯ ಕಡತಗಳಿವೆ. ಬರುವ ಡಿಸೆಂಬರ್ 10, ಬುಧವಾರ, ಬೆಳಿಗ್ಗೆ ಎಂಟೂವರೆಗೆ ಆ ಹನ್ನೆರಡನ್ನೂ ಪ್ರಕಟಿಸಿ. ಖಚಿತವಾಗದವುಗಳ ಮೇಲೆ ‘ತಾತ್ಕಾಲಿಕ’ ಎಂದು ಬರೆಯಿರಿ. ತಿದ್ದುವುದು ಅವಮಾನವಲ್ಲ, ಅದು ನಿಮ್ಮ ಕೆಲಸ. ಬಾರದ ಕಡತ ಯಾವ ಪ್ರಾಂತ್ಯದ್ದು, ಏಕೆ ಬಂದಿಲ್ಲ ಎಂಬುದನ್ನು ಅದರ ಜಾಗದಲ್ಲಿ ಬರೆಯಿರಿ. ಇನ್ನು ಮುಂದೆ ಪ್ರತಿ ವರ್ಷದ ಕೋಷ್ಟಕಕ್ಕೂ ಆ ವರ್ಷ ಮುಗಿದ ಎರಡು ವರ್ಷಗಳೊಳಗೆ ಒಂದು ದಿನ ಗೊತ್ತುಮಾಡಿ. ಅದು ತಪ್ಪಿದರೆ ತಪ್ಪಿಸಿದವರು ತಮ್ಮ ಹೆಸರು ಹಾಕಿ ಕಾರಣ ಹೇಳಲಿ. ನಿಮ್ಮಿಂದ ನಾನು ದಯೆಯನ್ನು ಕೇಳುತ್ತಿಲ್ಲ. ಇಪ್ಪತ್ತೈದು ವರ್ಷ ನಿಮಗೆ ಹೊತ್ತಿಗೆ ಮೊದಲೇ ಸಾಲುಗಳನ್ನು ಕಳಿಸಿದ ಒಬ್ಬರಿಗೆ, ಅವರ ಬಲಗಣ್ಣಿನಲ್ಲಿ ಬೆಳಕಿರುವಾಗಲೇ, ಒಂದು ಸಾಲನ್ನು ಹಿಂದಕ್ಕೆ ಕೊಡಿ.